ಲೇಸರಿಗೆ ಕುಂಕುಮ

ಲೇಸರ್ ಬಡಿದ ಕೂಡಲೇ, ರೆಪ್ಪೆ ಮಿಟುಕಿಸುವುದಕ್ಕೂ ಮೊದಲೇ, ಒಂದು ಬಗೆಯ ಹರಳಿನ ಒಳರಚನೆ ಬದಲಾಗಿಬಿಡುತ್ತದೆ ಎಂದು ತೋರಿಸಿಯೇ ಪ್ರೊಫೆಸರರು ಹೆಸರು ಮಾಡಿದ್ದರು. ಅದಕ್ಕೆ ಸಾಕ್ಷಿಯಾಗಿ ಅವರ ಗ್ರಾಫಿನಲ್ಲಿ ಗೆರೆ ಥಟ್ಟನೆ ಕೆಳಗಿಳಿದಿತ್ತು. ಅದೇ ಪ್ರಯೋಗವನ್ನು ಶಿಷ್ಯೆ ಮಂದಾಕಿನಿ ಎಷ್ಟು ಸಲ ಮಾಡಿದರೂ ಗೆರೆ ಇಳಿಯುತ್ತಿರಲಿಲ್ಲ.

"ನಿನ್ನ ಕೈಗುಣಾನೇ ಸರಿಯಿಲ್ಲ ಕಣಮ್ಮ" ಎಂದು ಅವರು ಎಲ್ಲರೆದುರು ಅಂದಾಗಲೆಲ್ಲ ಅವಳು ತಲೆ ತಗ್ಗಿಸುತ್ತಿದ್ದಳು.

ಆಯುಧಪೂಜೆ ಮುಗಿದು, ರಜೆ ಕಳೆದು ಲ್ಯಾಬ್ ತೆರೆದ ದಿನ ಗೆರೆ ಇಳಿಯಿತು. ಥೇಟ್ ಅವರ ಗ್ರಾಫಿನಂತೆಯೇ.

ಪ್ರೊಫೆಸರರು ಇಡೀ ವಿಭಾಗವನ್ನೇ ಕರೆದು ಮೈಸೂರುಪಾಕ್ ಹಂಚಿದರು. "ನಾನು ಹೇಳ್ತಿರ್ಲಿಲ್ವಾ? ಈ ಸಲ ಏನು ಬೇರೆ ಮಾಡಿದೆ, ಎಲ್ಲರಿಗೂ ಹೇಳಮ್ಮ."

ಅವಳು ಕೈಯಲ್ಲಿದ್ದ ಸಿಹಿಯನ್ನು ಬಾಯಿಗಿಡಲಿಲ್ಲ. "ಆಮೇಲೆ ನಿಮಗೊಬ್ಬರಿಗೇ ಹೇಳ್ತೀನಿ ಸರ್."

"ನಾಚಿಕೆ ಯಾಕೆ? ಹೇಳು, ಹೇಳು."

ಅವಳ ಮುಖ ಕೆಂಪಾಯಿತು.

"ಪೂಜೇಲಿ ಕುಂಕುಮ ಒಳಗೆ ಹೋಗದಿರ್ಲಿ ಅಂತ ಲೇಸರ್ ಬಾಯಿಗೆ ಮುಚ್ಚಳ ಹಾಕಿದ್ದೆ ಸರ್. ತೆಗೆಯೋದು ಮರೆತೇಹೋಗಿತ್ತು. ಹರಳಿನ ಮೇಲೆ ಬೆಳಕು ಬಿದ್ದೇ ಇಲ್ಲ."