ಉಪ್ಪು ಬೆರೆಸಿದ ರಂಗೋಲಿ

ಅಡುಗೆಮನೆಯ ಗೋಡೆ ಮೂರು ದಿನದಿಂದ ತಣ್ಣಗಿತ್ತು. ಪುಟ್ಟತಾಯಮ್ಮ ಅಂಗೈಯಿಟ್ಟು ನೋಡಿದರು. ಒಳಗಿನ ಮಿಡಿತ ಸಿಕ್ಕೂ ಸಿಗದಂತಿತ್ತು.

ಆ ಊರಿನ ಮನೆಗಳಿಗೆ ಜೀವವಿದೆ. ಒಂದೊಂದು ಮನೆಯೂ ಒಂದೇ ಒಂದು ಜೀವಕೋಶ. ಹೊಳೆಯಂಚಿನ ಪಾಚಿ ಮೇಯುತ್ತ ದಿನಕ್ಕೊಂದು ಮಾರು ತೆವಳುತ್ತವೆ. ಒಳಗಿನವರು ಒಲೆಯ ಮೇಲಿನ ಹಾಲು ತುಳುಕದಂತೆ ಸಂಸಾರ ಮಾಡುತ್ತಾರೆ. ಇವರ ಮನೆ ಮಾತ್ರ ಎಂಟು ದಿನದಿಂದ ಕದಲಿರಲಿಲ್ಲ.

ಪುಟ್ಟತಾಯಮ್ಮ ಹೊರಗೆ ಬಂದು ಒಂದು ಸುತ್ತು ಹಾಕಿದರು. ಮನೆಯ ಸುತ್ತಲೂ ರಂಗೋಲಿಯ ಬಿಳಿ ಎಳೆ. ಬೆರಳಿಗೆ ಹಚ್ಚಿಕೊಂಡು ನಾಲಿಗೆಗಿಟ್ಟರು.

"ಸುಗುಣ, ಇದಕ್ಕೆ ಉಪ್ಪು ಬೆರ್ಸಿದ್ದೀಯೇನೆ?"

ಕಲ್ಲುಮನೆಗಳ ಊರಿನಿಂದ ಬಂದ ಹೊಸ ಸೊಸೆ ತಲೆ ತಗ್ಗಿಸಿದಳು. "ಮಿಂಚ್ಲಿ ಅಂತ ಅತ್ತೆ. ನಮ್ಮೂರಲ್ಲಿ ಹಂಗೇ ಬಿಡೋದು."

"ಮನೆ ಉಪ್ಪು ದಾಟಲ್ಲ ಕಣೆ. ನಿಂತಲ್ಲಿ ಇದ್ದಿದ್ದೆಲ್ಲ ತಿಂದು ಮುಗ್ಸಿ, ಈಗ ಹಸ್ಕೊಂಡು ಕೂತಿದೆ."

ಸುಗುಣ ಪೊರಕೆ ತಂದು ಗುಡಿಸಿದಳು. ಮೂರು ಕೊಡ ನೀರು ಹೊಯ್ದು ತೊಳೆದಳು. ಮನೆ ಮಿಸುಕಲಿಲ್ಲ. ಅವಳ ಕಣ್ಣು ತುಂಬಿ ಬಂತು. ಒಳಗೆ ಹೋಗಿ ಅಕ್ಕಿಹಿಟ್ಟಿನ ಡಬ್ಬಿ ತಂದವಳೇ ಹೊಸಿಲಿನಿಂದ ಹೊಳೆಯ ಕಡೆಗೆ ಒಂದೇ ಎಳೆ ಎಳೆಯುತ್ತ, ಬಗ್ಗಿದ ಬೆನ್ನಿನಲ್ಲೇ ಹಿಂದೆ ಹಿಂದೆ ನಡೆದಳು.

ಪಾಚಿಯ ತನಕ ಬಂದು ತಲೆಯೆತ್ತಿದಾಗ, ಎಳೆ ಶುರುವಾದ ಜಾಗ ಕಾಣಲಿಲ್ಲ. ಅದರ ಮೇಲೆ ಹೊಸಿಲು ಬಂದಿತ್ತು. ಬಾಗಿಲಲ್ಲಿ ನಿಂತಿದ್ದ ಅತ್ತೆ, ಕಾಲೆತ್ತದೆಯೇ, ಅವಳಿಗೆ ಒಂದು ಗೇಣು ಹತ್ತಿರವಾಗಿದ್ದರು.