ಬಲೆ ಎಳೆಯದ ದಿನ

ಅಕ್ಟೋಬರಿನ ಈಶಾನ್ಯ ಗಾಳಿ ಎದ್ದಿತ್ತು. ಮಲೆಟ್ ಮೀನು ಹಿಂಡುಗಟ್ಟಿ ದಕ್ಷಿಣಕ್ಕೆ ಇಳಿಯುವ ಕಾಲ. ಟೀಲ್ ದ್ವೀಪದ ದಡದಲ್ಲಿ ದೋಣಿ ನೀರಿಗೆ ಮುಖಮಾಡಿ ನಿಂತಿತ್ತು. ಉದ್ದಬಲೆ ಮಡಿಕೆ ಮಡಿಕೆಯಾಗಿ ಅದರೊಳಗೆ ಕೂತಿತ್ತು. ಗಂಡಸರು ಕಣ್ಣು ಕಿರಿದು ಮಾಡಿ ಅಲೆ ನೋಡುತ್ತಿದ್ದರು.

ಮರಳುದಿಣ್ಣೆಯ ಮೇಲಿಂದ ಮುದುಕಿ ವೆಲ್ಮಾ ತಲೆಯ ಬಟ್ಟೆ ಬಿಚ್ಚಿ ಬೀಸಿದಳು. ಅದು ಮೀನು ಕಂಡ ಸನ್ನೆಯಲ್ಲ. ಹೊರಗಿನವರು ಬಂದ ಸನ್ನೆ.

"ಬಾಡಿಗೆ ಕಾರು, ಕೊರಳಲ್ಲಿ ಕ್ಯಾಮೆರಾ, ಒಬ್ನೇ," ಎಂದಳು ಏದುಸಿರು ಬಿಡುತ್ತ ಇಳಿದು ಬಂದು. "ಪತ್ರಿಕೆಯ ಪಟ್ಟಿಯವನೇ."

ದೋಣಿಯ ಯಜಮಾನ ಡೆನಾರ್ಡ್ ಮರಳಿಗೆ ಉಗುಳಿದ. "ಹಾಳಾದವನು, ಇವತ್ತೇ ಬರಬೇಕಿತ್ತಾ? ಮೀನು ಈಗಲೋ ಆಗಲೋ ಅನ್ನೋ ಹಾಗಿದೆ, ವೆಲ್ಮತ್ತೆ."

"ಮೀನು ಬರೋ ವರ್ಷಾನೂ ಬರತ್ತೆ. ಊರು ಹೋದ್ರೆ ಬರಲ್ಲ. ಬಲೆ ಮುಚ್ಚು."

ಈ ವಿಷಯದಲ್ಲಿ ಅವಳ ಮಾತಿಗೆ ಎದುರಿರಲಿಲ್ಲ. ವೆಲ್ಮಾ ಹುಟ್ಟಿದ್ದು, ಬಾಳಿದ್ದು ಉತ್ತರದ ಹೆರನ್ ಪಾಯಿಂಟಿನಲ್ಲಿ. ಒಂದು ವರ್ಷ ಯಾವುದೋ ಪತ್ರಿಕೆ 'ನೋಡಲೇಬೇಕಾದ ಅಮೆರಿಕದ ಕಡಲತೀರಗಳು' ಎಂದು ಪಟ್ಟಿ ಮಾಡಿ, ಅದರ ಮೊದಲ ಪುಟದಲ್ಲೇ ಹೆರನ್ ಪಾಯಿಂಟನ್ನು ಹಾಕಿತು. ಚಿತ್ರದಲ್ಲಿ ಬಲೆ ಎಳೆಯುತ್ತಿದ್ದವನು ಅವಳ ಗಂಡ. ಮರುಬೇಸಿಗೆಗೆ ಜನ ಮುತ್ತಿಕೊಂಡರು. ಆಮೇಲೆ ಬಂಗಲೆಗಳೆದ್ದವು, ಕಂದಾಯ ಏರಿತು. ಕೊನೆಗೆ ಬಂಗಲೆಯವರಿಗೆ ಮೀನಿನ ವಾಸನೆ ಆಗಿಬರಲಿಲ್ಲ. ದಡದಲ್ಲಿ ಬಲೆ ಎಳೆಯಬಾರದೆಂದು ನಿಯಮವಾಯಿತು. ಮನೆ ಮಾರಿ ಇಲ್ಲಿಗೆ ಬಂದ ಗಂಡ ಹೆಚ್ಚು ದಿನ ಬಾಳಲಿಲ್ಲ. ದಿಣ್ಣೆಯ ಹಿಂದೆ ವೆಲ್ಮಾಳಿಗೊಂದು ತುಂಡು ನೆಲ ಬಿಟ್ಟುಕೊಟ್ಟವಳು ಡೆನಾರ್ಡನ ತಾಯಿ. ಆ ಋಣಕ್ಕೆ ವೆಲ್ಮಾ ಊರಿನ ಕಾವಲು ಹಿಡಿದಿದ್ದಳು. ಜೋಳದ ಹಿಟ್ಟಿನಷ್ಟು ನುಣುಪಾದ ಬಿಳಿ ಮರಳನ್ನು, ಹಸಿರು ಗಾಜಿನಂಥ ನೀರನ್ನು ಊರಿಗೆ ಊರೇ ಬಚ್ಚಿಡುವಂತೆ ಮಾಡಿದ್ದಳು.

ಕಾಲುದಾರಿಗೆ ಮೀನಿನ ಕರುಳಿನ ಬಕೆಟ್ಟು ಸುರಿದರು. 'ಈಜು ನಿಷೇಧ' ಎಂಬ ತುಕ್ಕು ಹಿಡಿದ ಫಲಕ ನೆಟ್ಟರು. ದೋಣಿಗೆ ತಾಡಪಾಲು ಬಿತ್ತು.

ಬಂದವನಿಗೆ ಮೊಣಕಾಲೆತ್ತರದ ರಬ್ಬರ್ ಬೂಟು. ಮೂಗು ಮುಚ್ಚಿಕೊಂಡೇ ಕರುಳು ದಾಟಿದ. "ನಮಸ್ಕಾರ ಅಮ್ಮಾ. ನಾನು ಆಫೀಸಿಂದ..."

"ನೀನು ಯಾಕೆ ಬಂದಿದ್ದೀ ಅಂತ ಗೊತ್ತಪ್ಪ," ಎಂದು ವೆಲ್ಮಾ ತಡೆದಳು. "ನೋಡ್ಕೊಂಡು ಹೋಗು. ಇಲ್ಲಿ ಏನೂ ಇಲ್ಲ."

ಅವನು ನೀರಿನಲ್ಲಿ ನಿಂತಿದ್ದ ಬೇಲಿಗೂಟಗಳ ಹತ್ತಿರ ಹೋದ. "ಇದು ಯಾರದು?"

"ನಂದೇ," ಎಂದಳು ವೆಲ್ಮಾ. "ಹೋದ ವರ್ಷ ಇಲ್ಲಿ ಒಣ ನೆಲ ಇತ್ತು. ಈಗ ಮೀನಿಗೆ ಬೇಲಿ ಹಾಕಿದ ಹಾಗಾಗಿದೆ."

ಗಂಡಸರು ನಕ್ಕರು. ನಗದೆ ಮಾಡುವುದೇನಿತ್ತು? ದೊಡ್ಡ ಬಿರುಗಾಳಿಯ ನಂತರ ಕಡಲು ದಿನದಿನವೂ ಒಳಗೆ ಬರುತ್ತಿತ್ತು. ಸರ್ಕಾರಕ್ಕೆ ಹೇಳಿ ಹೇಳಿ ಬಾಯಿ ಒಣಗಿ ಊರು ಸುಮ್ಮನಾಗಿತ್ತು.

ಅವನು ಕಡಲಿನ ಚಿತ್ರ ತೆಗೆಯಲಿಲ್ಲ. ಗೂಟಗಳದ್ದು ತೆಗೆದ, ಕುಸಿದ ದಿಣ್ಣೆಯದು ತೆಗೆದ. ಹಾಳುಬಿದ್ದದ್ದೇ ಕಣ್ಣಿಗೆ ಬೀಳುತ್ತಿದೆ, ಒಳ್ಳೆಯದಾಯಿತು ಎಂದುಕೊಂಡಳು ವೆಲ್ಮಾ.

"ಬೇಸಿಗೇಲಿ ಜನ ಬರ್ತಾರಾ?"

"ನಾಯೀನೂ ಬರಲ್ಲ ಸಾರ್," ಎಂದ ಡೆನಾರ್ಡ್. "ಒಂದು ಬಂದಿತ್ತು. ನೊಣ ಕಚ್ಚಿ ಅದೂ ಓಡಿಹೋಯ್ತು."

"ಮೀನುಗಾರಿಕೆ?"

"ನಮ್ಮಜ್ಜನ ಕಾಲಕ್ಕೇ ಮುಗೀತು."

ಆಗಲೇ ಮೀನು ಬಂತು.

ಮೊದಲು ಅಲೆಯ ಹೊಟ್ಟೆಯೊಳಗೆ ಮೋಡದ ನೆರಳಿನಂಥ ಕಪ್ಪು. ಆಮೇಲೆ ಅದರಿಂದ ಒಂದು ಬೆಳ್ಳಿ ಚಿಮ್ಮಿತು, ಇನ್ನೊಂದು ಚಿಮ್ಮಿತು. ಇಡೀ ಚಳಿಗಾಲದ ಉಪ್ಪುಮೀನು, ಇಡೀ ವರ್ಷದ ಸಂಪಾದನೆ, ಕಲ್ಲೆಸೆದರೆ ತಾಗುವಷ್ಟು ಹತ್ತಿರ. ಗಂಡಸರು ಜೇಬಿನಿಂದ ಕೈ ತೆಗೆಯಲಿಲ್ಲ. ಡೆನಾರ್ಡನ ದವಡೆ ಮಾತ್ರ ಅಲುಗುತ್ತಿತ್ತು.

ಆಗಂತುಕ ಕಡಲಿಗೆ ಬೆನ್ನು ಹಾಕಿ ವೆಲ್ಮಾಳ ಮನೆ ನೋಡುತ್ತಿದ್ದ. ಅವನು ತಿರುಗದಂತೆ ಅವಳು ಎದುರು ನಿಂತು ಬಾಯಿಗೆ ಬಂದದ್ದು ಮಾತಾಡಿದಳು. ಚಾವಣಿ ಸೋರುವುದು, ಮಂಡಿ ನೋವು, ಬಾವಿಯ ಉಪ್ಪುನೀರು. ಅವನು ತಾಳ್ಮೆಯಿಂದ ಕೇಳಿದ.

"ಒಂದೇ ಒಂದು ದಡ ಆರಿಸಬೇಕು ನಾನು," ಎಂದ ಕೊನೆಗೆ. "ನಿಮ್ಮದೇ ಆಗ್ಲಿ ಅಂತ ಆಸೆಯಿತ್ತಮ್ಮ."

"ಬೇರೆಯವರಿಗೆ ಕೊಡಪ್ಪ. ಪುಣ್ಯ ಬರತ್ತೆ."

ಕಪ್ಪು ನೆರಳು ದಕ್ಷಿಣಕ್ಕೆ ಜಾರಿ, ತಿರುವಿನಾಚೆ ಕರಗಿತು.

ಅವನು ಕುಡಿಯಲು ನೀರು ಕೇಳಿದ. ಬಂದವರಿಗೆ ಉಣ್ಣಿಸದೆ ಕಳಿಸಿ ಗೊತ್ತಿಲ್ಲದ ವೆಲ್ಮಾ, ಬಿಸಿ ಜೋಳದ ರೊಟ್ಟಿಯ ವಾಸನೆ ಹೊರಗೆ ಬಾರದಂತೆ ಬಾಗಿಲೆಳೆದುಕೊಂಡು ಬರಿಯ ನೀರು ಕೊಟ್ಟಳು. ಕಾರಿನವರೆಗೂ ಹಿಂದೆಯೇ ಹೋದಳು. ಹೋದನೆಂದು ಕಣ್ಣಾರೆ ಕಾಣಬೇಕಿತ್ತು.

ಅವನು ಕ್ಯಾಮೆರಾ ಇಡಲು ಡಿಕ್ಕಿ ತೆರೆದ. ಒಳಗೆ ಕೆಂಪು ಬಿಳಿ ಪಟ್ಟೆಯ ಉದ್ದನೆಯ ಕೋಲು ಇತ್ತು.

"ಇದೇನಪ್ಪ?"

"ಅಳತೆ ಕೋಲಮ್ಮ. ಕಡಲು ಎಷ್ಟು ನೆಲ ತಿಂದಿದೆ ಅಂತ ನೋಡೋಕೆ. ಕೊಚ್ಚಿಹೋದ ದಡಕ್ಕೆ ಮರಳು ತುಂಬಿಸಿ ಕೊಡಿ ಅಂತ ಸರ್ಕಾರಕ್ಕೆ ನೀವೇ ಕೇಳಿದ್ರಲ್ಲ? ಈ ಸಲ ಒಂದು ದಡಕ್ಕಾಗುವಷ್ಟೇ ಮರಳಿದೆ. ಜನ ಬರೋ, ದುಡಿಮೆ ಇರೋ ಕಡೆಗೇ ಹಾಕಬೇಕು ಅಂತಾರೆ ಮೇಲಿನವರು. ಅದು ಹೆರನ್ ಪಾಯಿಂಟಿಗೆ ಹೋಗತ್ತೆ." ಡಿಕ್ಕಿ ಮುಚ್ಚುತ್ತ ಹೇಳಿದ, "ಈ ದಡ ಉಳಿಯೋದು ಇನ್ನೆರಡು ಚಳಿಗಾಲ. ಅಷ್ಟರೊಳಗೆ ನೀವೆಲ್ಲ ಬೇರೆ ಕಡೆ ನೋಡ್ಕೊಳ್ಳಿ."

ವೆಲ್ಮಾ ಕಾರಿನ ಬಾಗಿಲು ಹಿಡಿದುಕೊಂಡಳು. "ಸುಳ್ಳಪ್ಪ. ನಾವು ಹೇಳಿದ್ದೆಲ್ಲ ಸುಳ್ಳು. ಮೀನಿದೆ. ಈಗಷ್ಟೇ ಹೋಯ್ತು, ನಿನ್ನ ಬೆನ್ನ ಹಿಂದೇನೇ. ಇಂಥ ದಡ ಎಲ್ಲೂ ಇಲ್ಲಪ್ಪ, ಒಂದ್ಸಲ ಸರಿಯಾಗಿ ನೋಡು."

ಅವನು ತಿರುಗಿ ನೋಡಿದ. ಖಾಲಿ ಕಡಲು, ಮುಚ್ಚಿದ ದೋಣಿ, ತುಕ್ಕಿನ ಫಲಕ, ಕರುಳಿನ ಮೇಲೆ ನೊಣ.

"ಮರಳು ಅಂದ ಕೂಡ್ಲೇ ಎಲ್ಲ ಊರಲ್ಲೂ ಹೀಗೇ ಹೇಳ್ತಾರಮ್ಮ," ಎಂದು ಅವನು ಮೆಲ್ಲಗೆ ಅವಳ ಬೆರಳು ಬಿಡಿಸಿದ.