ನೆಕ್ಕಿದಂತೆ ಖಾಲಿ

ಒಂಬತ್ತು ವರ್ಷದ ಇಂಚರ ನಲವತ್ತೈದು ಕಿಲೋ ದಾಟಿದಾಗ ಡಾಕ್ಟರು, "ಹೀಗೇ ಬಿಟ್ಟರೆ ಸಕ್ಕರೆ ಕಾಯಿಲೆಯನ್ನ ಅಕ್ಷತೆ ಕೊಟ್ಟು ಕರೆದ ಹಾಗೇ ಕಣಮ್ಮ" ಎಂದಿದ್ದರು.

ಅಂದಿನಿಂದ ಅವಳ ತಾಯಿ ಶೈಲಜಾ ಬೆಳಗ್ಗೆ ಐದಕ್ಕೇ ಎದ್ದು, ಮೊಳಕೆಕಾಳು ಬೇಯಿಸಿ, ಸೌತೆಕಾಯಿ ಹೆಚ್ಚಿ, ಮಗಳ ಊಟದ ಡಬ್ಬಿ ತುಂಬಿಸಿ, ಆಕಳಿಸುತ್ತಲೇ ಕೆಲಸಕ್ಕೆ ಓಡುತ್ತಿದ್ದಳು. ಸಂಜೆ ಡಬ್ಬಿ ನೆಕ್ಕಿದಂತೆ ಖಾಲಿಯಾಗಿ ಬರುತ್ತಿತ್ತು. ಅವಳಿಗಿದ್ದ ಸಮಾಧಾನ ಅದೊಂದೇ.

ಮೂರು ತಿಂಗಳ ಮೇಲೆ ತೂಕ ನೋಡಿದರೆ ಎರಡು ಕಿಲೋ ಏರಿತ್ತು.

"ಅತ್ತೇ, ನಿಜ ಹೇಳಿ. ಕದ್ದು ಕೋಡುಬಳೆ ಕೊಡ್ತಿದೀರಾ ತಾನೇ?"

"ಕಪಾಟಿನ ಬೀಗದಕೈ ನಿನ್ನ ಸೊಂಟದಲ್ಲೇ ಇದೆಯಲ್ಲೇ ತಾಯಿ. ನಾನೇ ಒಂದು ಕೋಡುಬಳೆ ಕಂಡು ಮೂರು ತಿಂಗಳಾಯ್ತು."

ಗಂಡನನ್ನು ಕೇಳಿದಳು. ಅವನು ಮಗಳ ತಲೆ ಮುಟ್ಟಿ ಆಣೆಯಿಟ್ಟ. ಶೈಲಜಾಗೆ ಜಗಳವಾಡಲೂ ತ್ರಾಣವಿರಲಿಲ್ಲ.

ಆ ಶನಿವಾರ ಶಾಲೆಯಲ್ಲಿ ಪೋಷಕರ ಸಭೆ. ಇಂಚರಳ ಪಕ್ಕ ಕೂರುವ ತನ್ಮಯಿಯ ತಾಯಿ ಹುಡುಕಿಕೊಂಡು ಬಂದು ಶೈಲಜಾಳ ಎರಡೂ ಕೈ ಹಿಡಿದುಕೊಂಡಳು.

"ಇಂಚರನ ಅಮ್ಮ ನೀವೇ ಅಲ್ವಾ? ನಿಮ್ಮ ಹೊಟ್ಟೆ ತಣ್ಣಗಿರ್ಲಿ ಕಣ್ರೀ!"

"ಯಾಕ್ರೀ, ಏನಾಯ್ತು?"

"ನಮ್ಮ ತನ್ಮಯಿ ನಾಲ್ಕು ಕಿಲೋ ಇಳಿದಿದಾಳೆ. ನಿಮ್ಮ ಮೊಳಕೆಕಾಳು ಅಂದ್ರೆ ಪ್ರಾಣ, ಮೂರು ತಿಂಗಳಿಂದ ನಿಮ್ಮ ಡಬ್ಬೀನೇ ಅವಳ ಊಟ. ನಾನು ಹಾಕೋ ಪೂರಿ ನಿಮ್ಮ ಮಗೂಗೆ ಇಷ್ಟವಂತೆ, ಅದಕ್ಕೇ ಈಗ ದಿನಾ ಎರಡು ಜಾಸ್ತಿನೇ ಹಾಕ್ತೀನಿ!"